ಸುಣ್ಣ ಬಳಿದ ಮಡಕೆ

ಮಣಿಪಾಲದಲ್ಲಿ ಅಧ್ಯಾಪಕರಾಗಿರುವ ನನ್ನ ಸ್ನೇಹಿತರೊಬ್ಬರು ಈಚೆಗೆ ನಂದಿಬೆಟ್ಟದ ತಪ್ಪಲಿಗೆ ಹೋಗಿಬಂದರು. ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿಯ ತೋಟಗಳೂ ಅವುಗಳ ನಡುವೆ ವೈನು ತಯಾರಿಸುವ ಕಾರ್ಖಾನೆಗಳೂ ಇವೆಯಷ್ಟೆ. ಹಣ ಕೊಟ್ಟು ಹೋದವರಿಗೆ ಅಲ್ಲಿ ತೋಟ ತೋರಿಸಿ, ಮರದ ಪೀಪಾಯಿಗಳನ್ನು ತೋರಿಸಿ, ಕೊನೆಗೆ ನಾಲ್ಕೈದು ಬಗೆಯ ವೈನನ್ನು ಗುಟುಕು ಗುಟುಕಾಗಿ ರುಚಿ ನೋಡಿಸುತ್ತಾರಂತೆ. ಲೋಟವನ್ನು ಹೇಗೆ ಹಿಡಿದು ತಿರುಗಿಸಬೇಕು, ಮೂಗಿನ ಹತ್ತಿರ ಎಷ್ಟು ಹೊತ್ತು ಹಿಡಿಯಬೇಕು, ನಾಲಗೆಯ ಮೇಲೆ ಅದನ್ನು ಹೇಗೆ ಹೊರಳಿಸಬೇಕು ಎಂಬುದಕ್ಕೆಲ್ಲ ಅಲ್ಲೊಬ್ಬ ಉಪಾಧ್ಯಾಯನಿರುತ್ತಾನೆ. ನುಂಗಲು ಮನಸ್ಸಿಲ್ಲದವರಿಗೆ ಉಗುಳಲು ಪಾತ್ರೆಯೂ ಉಂಟು. ಇದನ್ನೆಲ್ಲ ಬಹಳ ಸೊಗಸಾಗಿ ವರ್ಣಿಸಿದ ಸ್ನೇಹಿತರು ಕೊನೆಗೆ, “ನಮ್ಮ ಕಡೆ ಮಾತ್ರ ಇಂಥದ್ದು ಒಂದೂ ಇಲ್ಲ ಮಾರಾಯ್ರೇ” ಎಂದು ವಿಷಾದಪಟ್ಟರು.

ಆಗ ನಾನು ತಲೆಯಾಡಿಸಿದೆ. ಮನೆಗೆ ಬಂದಮೇಲೆ ಹಾಗೆ ತಲೆಯಾಡಿಸಿದ್ದು ತಪ್ಪೆಂದು ತೋರಿತು. ನಮ್ಮ ಕಡೆ ದ್ರಾಕ್ಷಿ ಇಲ್ಲ, ನಿಜ. ಆದರೆ ನೆಲದ ಗುಣ, ಮರದ ಜಾತಿ, ಇಳಿಸುವವನ ಕೈಗುಣ ಇವುಗಳಿಂದ ರುಚಿ ಬೇರೆಬೇರೆಯಾಗುವ ಪಾನೀಯವೊಂದು ಇಲ್ಲಿ ಎಷ್ಟೋ ಶತಮಾನಗಳಿಂದ ಉಂಟು. ತುಳುವಿನಲ್ಲಿ ಅದಕ್ಕೆ ಕಲಿ ಎನ್ನುತ್ತಾರೆ, ಕನ್ನಡದಲ್ಲಿ ಕಳ್ಳು, ಸರಕಾರದ ಕಾಗದದಲ್ಲಿ ಶೇಂದಿ. ಅದರ ರುಚಿ ಹೇಳಿಕೊಡುವ ಉಪಾಧ್ಯಾಯನಿಲ್ಲ, ಅಷ್ಟೆ. ಕಳೆದ ಮಾರ್ಚಿ ತಿಂಗಳ ಎರಡು ಆದಿತ್ಯವಾರ ನಾನು ಕಾಪು ಮತ್ತು ಕಾರ್ಕಳಗಳ ಕಡೆ ತಿರುಗಿ ಅದನ್ನು ರುಚಿ ನೋಡಿಬಂದೆ. ಕನ್ನಡ ಅಧ್ಯಾಪಕನಿಗೆ ಇದೆಂಥ ಚಪಲವೆಂದು ಓದುಗರು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ. ಇದು ಪಾನಪ್ರಚಾರದ ಲೇಖನವಲ್ಲವೆಂದು ಮಾತ್ರ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ಕಾಪು ಸಿಗುತ್ತದೆ. 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡಲು ಬರುವವರು ಸಮುದ್ರದ ಕಡೆ ಮುಖಮಾಡಿ ನಿಂತು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಬೆನ್ನ ಹಿಂದಿರುವ ತೆಂಗಿನ ತೋಟಗಳ ಕಡೆ ನೋಡುವವರು ಕಡಿಮೆ. ನೋಡಿದರೆ ಅಲ್ಲೊಂದು ಇಲ್ಲೊಂದು ಮರದ ಮೈಗೆ ಕೆಳಗಿನಿಂದ ಮೇಲಿನವರೆಗೆ ತೆಂಗಿನ ಸಿಪ್ಪೆಗಳನ್ನು ಕಟ್ಟಿರುವುದು ಕಾಣಿಸೀತು. ಅವು ಮೆಟ್ಟಿಲುಗಳು. ಮೂರ್ತೆಯ ಮರವೆಂದು ಗುರುತಿಸಲು ಬೇರೆ ಹಲಗೆ ಬೇಡ.

ಕಳ್ಳು ಇಳಿಸುವುದಕ್ಕೆ ನಮ್ಮಲ್ಲಿ ಮೂರ್ತೆ ಎನ್ನುತ್ತಾರೆ, ಇಳಿಸುವವನು ಮೂರ್ತೆದಾರ. ಕೆಲಸ ಮಾತಿನಲ್ಲಿ ಹೇಳುವಷ್ಟು ಸುಲಭವಲ್ಲ. ಇನ್ನೂ ಒಡೆಯದ ಹೊಂಬಾಳೆಯನ್ನು ಆರಿಸಿ ಅದು ಬಿರಿಯದಂತೆ ಬಿಗಿಯಾಗಿ ಹಗ್ಗ ಸುತ್ತಬೇಕು. ಬಳಿಕ ದಿನವೂ ಮರವೇರಿ ಅದನ್ನು ಮೆಲ್ಲನೆ ಬಡಿಯಬೇಕು. ಜೋರಾಗಿ ಬಡಿದರೆ ಒಳಗಿನ ಹೂ ನಜ್ಜುಗುಜ್ಜಾಗಿ ಕೊಳೆಯುತ್ತದೆ, ಕಡಿಮೆ ಬಡಿದರೆ ರಸವೇ ಇಳಿಯದು. ಕೆಲವು ದಿನಗಳ ಮೇಲೆ ತುದಿಯನ್ನು ಎಲೆಯಷ್ಟು ತೆಳ್ಳಗೆ ಕೊಯ್ದು ಕೆಳಗೆ ಮಡಕೆ ಕಟ್ಟುತ್ತಾರೆ. ಆಮೇಲೆ ಪ್ರತಿದಿನ ಎರಡು ಮೂರು ಬಾರಿ ಹತ್ತಬೇಕು, ಹತ್ತಿದಾಗಲೆಲ್ಲ ತುದಿಯನ್ನು ಹೊಸದಾಗಿ ಕೊಯ್ಯಬೇಕು. ಇಷ್ಟಾದರೆ ಒಂದು ತೆಂಗಿನಮರ ದಿನಕ್ಕೆ ಒಂದೆರಡು ಲೀಟರು ಕೊಟ್ಟೀತು. ಒಂದು ದಿನ ಹತ್ತದಿದ್ದರೆ ಗಾಯ ಒಣಗಿ ರಸ ನಿಂತುಹೋಗುತ್ತದೆ. ಮೂರ್ತೆದಾರನಿಗೆ ಹಬ್ಬವೂ ಇಲ್ಲ, ಮಳೆಯೂ ಇಲ್ಲ.

ಕಾಪುವಿನ ಗಡಂಗಿನಲ್ಲಿ ನಾನು ಕೂತಾಗ ಬೆಳಗ್ಗೆ ಒಂಬತ್ತು ಗಂಟೆ. ಗಡಂಗು ಎಂದರೆ ಕಳ್ಳಿನ ಅಂಗಡಿ. ಎರಡು ಬೆಂಚು, ಒಂದು ಮೇಜು, ಗೋಡೆಗೆ ದೇವರ ಪಟದ ಪಕ್ಕದಲ್ಲಿ ನಾರಾಯಣ ಗುರುಗಳ ಪಟ. ಕಳ್ಳಿನ ಅಂಗಡಿಯಲ್ಲಿ ಈ ಪಟ ಹೇಗೆ ಬಂತೆಂಬುದು ಒಂದು ಸೋಜಿಗ. ಅದಕ್ಕೆ ಮತ್ತೆ ಬರುತ್ತೇನೆ. ಆಗತಾನೆ ಇಳಿಸಿ ತಂದ ಕಳ್ಳು ನೀರು ಬೆರೆಸಿದ ಹಾಲಿನ ಬಣ್ಣದ್ದು. ಬಾಯಿಗೆ ಸಿಹಿ, ಗಂಟಲಲ್ಲಿ ಸ್ವಲ್ಪ ಚುರುಕು, ಎಳನೀರಿನ ಮತ್ತು ಹಸಿಹಿಟ್ಟಿನ ವಾಸನೆ. ಅದೇ ಅಂಗಡಿಗೆ ಸಂಜೆ ಐದಕ್ಕೆ ಹೋದೆ. ಅದೇ ಮರದ್ದು, ಆದರೆ ಸಿಹಿ ಎಲ್ಲೋ ಹೋಗಿತ್ತು. ಹುಳಿ ಮುಂದೆ ಬಂದಿತ್ತು, ನೊರೆ ಎದ್ದಿತ್ತು, ಹಣೆಯ ನರ ಸಣ್ಣಗೆ ಮಿಡಿಯಿತು. “ನಾಳೆಗೆ ಇಡುವುದಿಲ್ಲವಾ?” ಎಂದೆ. ಅಂಗಡಿಯವರು ನಕ್ಕರು. “ನಾಳೆಗೆ ಅದು ವಿನೆಗಾರು ಮಾಷ್ಟ್ರೇ. ಮೀನಿಗೆ ಹಾಕಬಹುದು.”

ನನಗೆ ಹೊಳೆದ ಮುಖ್ಯ ವಿಷಯ ಇಲ್ಲಿಯೇ ಇದೆ. ತಾಳೆ, ತೆಂಗುಗಳ ರಸದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಮಡಕೆಯಲ್ಲೂ ಗಾಳಿಯಲ್ಲೂ ಇರುವ ಸೂಕ್ಷ್ಮಜೀವಿಗಳು ಮರದ ಮೇಲಿರುವಾಗಲೇ ಅದನ್ನು ಹುಳಿಸಲು ತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ನೂರಕ್ಕೆ ನಾಲ್ಕೈದರಷ್ಟು ಮದ್ಯಸಾರ ಹುಟ್ಟುತ್ತದೆ, ಒಂದೆರಡು ದಿನಗಳಲ್ಲಿ ಅದು ಹುಳಿನೀರಾಗುತ್ತದೆ. ದ್ರಾಕ್ಷಿಯ ರಸ ಹನ್ನೆರಡು ಹದಿಮೂರರವರೆಗೆ ಏರಿ ಅಲ್ಲಿ ನಿಲ್ಲುತ್ತದೆ, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ, ಸೀಸೆಯ ಮೇಲೆ ತನ್ನ ಹುಟ್ಟಿದ ವರ್ಷವನ್ನೂ ಊರನ್ನೂ ಬರೆಸಿಕೊಳ್ಳುತ್ತದೆ. ಹೀಗಾಗಿ ಅದಕ್ಕೊಂದು ಚರಿತ್ರೆ ಒದಗಿತು. ನಮ್ಮ ಕಳ್ಳಿಗೆ ನಿನ್ನೆ ಎಂಬುದೇ ಇಲ್ಲ. ಅದರ ಚರಿತ್ರೆಯನ್ನು ಹುಡುಕಬೇಕಾದರೆ ಸೀಸೆಯನ್ನು ಬಿಟ್ಟು ಕಾವ್ಯದಲ್ಲಿ, ಪಾಡ್ದನದಲ್ಲಿ, ತೆರಿಗೆಯ ಲೆಕ್ಕದಲ್ಲಿ, ಮನೆಯ ಹಿರಿಯರು ಹೇಳದೆ ಬಿಟ್ಟ ಮಾತುಗಳಲ್ಲಿ ಹುಡುಕಬೇಕು.

ಕಾವ್ಯದಲ್ಲಂತೂ ಬೇಕಾದಷ್ಟಿದೆ. ಮಹಾಕಾವ್ಯಕ್ಕೆ ಇರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು ಎಂದು ಲಾಕ್ಷಣಿಕರು ವಿಧಿಸಿದ್ದರು. ಹತ್ತನೆಯ ಶತಮಾನದ ಪಂಪ, ಜೈನನಾಗಿದ್ದೂ, ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಸೊಗಸಾಗಿ ಚಿತ್ರಿಸಿದ. ಆದರೆ ಅಲ್ಲಿ ಕುಡಿಯುವವರಿದ್ದಾರೆ, ಮರ ಹತ್ತುವವನಿಲ್ಲ. ಕಳ್ಳು ಮಾರುವವನಿಗೆ ಕನ್ನಡ ಸಾಹಿತ್ಯದಲ್ಲಿ ಸ್ವಂತ ಧ್ವನಿ ಸಿಕ್ಕಿದ್ದು ಹನ್ನೆರಡನೆಯ ಶತಮಾನದಲ್ಲಿ, ಹೆಂಡದ ಮಾರಯ್ಯನೆಂಬ ಶರಣನಿಂದ. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಆತನ ಕೆಲವು ವಚನಗಳು ಉಳಿದಿವೆ. ಇಂದಿಗೂ ತರಗತಿಯಲ್ಲಿ ಅವನ ಹೆಸರು ಹೇಳಿದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ.

ತುಳುವರಿಗೆ ಇಂಥ ನಗುವಿಲ್ಲ. ಕೋಟಿ ಚೆನ್ನಯರ ಪಾಡ್ದನದಲ್ಲಿ ಅಣ್ಣತಮ್ಮಂದಿರು ಅಕ್ಕ ಕಿನ್ನಿದಾರುವಿನ ಮನೆ ತಲುಪಿದಾಗ ಭಾವ ಪಯ್ಯ ಬೈದ್ಯ ಮನೆಯಲ್ಲಿಲ್ಲ; ಕಳ್ಳು ಇಳಿಸಲು ಹೋಗಿದ್ದಾನೆ. ವೀರರ ಕಥೆಯಲ್ಲಿ ಇದೊಂದು ಸಾಮಾನ್ಯ ಸಂಗತಿಯಾಗಿ, ಒಕ್ಕಲಿಗ ಗದ್ದೆಗೆ ಹೋದ ಎಂಬಂತೆ, ಬಂದುಹೋಗುತ್ತದೆ. ಎ. ಸಿ. ಬರ್ನೆಲ್ ಸಂಗ್ರಹಿಸಿದ ಈ ಪಾಡ್ದನದ ಇಂಗ್ಲಿಷ್ ಅನುವಾದ ಆತನ ಮರಣಾನಂತರ 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾಯಿತು. ಕೋಟಿ ಚೆನ್ನಯರ ತಾಯಿ ದೇಯಿ ಬೈದೆತಿ ಪೆರುಮಲೆ ಬಲ್ಲಾಳನ ಕಾಲಿನ ಗಾಯವನ್ನು ಮಾಯಿಸಿದ ವೈದ್ಯೆ. ಮರದ ಗಾಯವನ್ನು ಮಾಯದಂತೆ ಕಾಯುವ ಕುಲದಲ್ಲಿ ಮನುಷ್ಯನ ಗಾಯ ಮಾಯಿಸುವ ವಿದ್ಯೆಯೂ ಇತ್ತು. ದೈವಗಳಲ್ಲೂ ಕಳ್ಳಿಗೆ ಮಾನವಿದೆ: ಕೊರಗಜ್ಜನಿಗೆ ಕಲಿ, ಚಕ್ಕುಲಿ, ವೀಳ್ಯವೇ ಇಂದಿಗೂ ಪ್ರಿಯವಾದ ಹರಕೆ.

ಮುಂದಿನ ಆದಿತ್ಯವಾರ ಕಾರ್ಕಳದ ಕಡೆ ಹೊರಟೆ. ಕರಾವಳಿಯಿಂದ ಪೂರ್ವಕ್ಕೆ ಹೋದಂತೆ ತೆಂಗು ವಿರಳವಾಗಿ ಬೈನೆಯ ಮರ ಕಾಣಿಸಿಕೊಳ್ಳುತ್ತದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟನ ಬಂಡೆಯಿಂದ ಘಟ್ಟದ ದಿಕ್ಕಿಗೆ ನೋಡಿದರೆ ಕಾಡಿನಂಚಿನಲ್ಲಿ ಅದರ ಮೀನಿನ ಬಾಲದಂಥ ಎಲೆಗಳನ್ನು ಗುರುತಿಸಬಹುದು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ದಾರಿಯಾಗಿ ಬಂದಾಗ ತುಳುನಾಡಿನ ಬಿಲ್ಲವರ ವಿಷಯವನ್ನೂ ಅವರು ಮರಗಳಿಂದ ರಸ ತೆಗೆಯುವ ವಿಷಯವನ್ನೂ ಬರೆದುಕೊಂಡ. ಆಗ್ಗೆ ಇಂಗ್ಲಿಷರ ಆಳ್ವಿಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಯಾವ ಜಾತಿ ಏನು ಬೆಳೆಯುತ್ತದೆ, ಏನು ತೆಗೆಯುತ್ತದೆ ಎಂದು ಕೇಳುವವನ ಹಿಂದೆ ತೆರಿಗೆಯವನು ಬರುತ್ತಾನೆಂಬುದು ಆ ಮುಗ್ಧರಿಗೆ ತಿಳಿದಿರಲಾರದು.

ಬೈನೆಯ ಸ್ವಭಾವ ವಿಚಿತ್ರ. ಹತ್ತು ಹದಿನೈದು ವರ್ಷ ಸುಮ್ಮನೆ ಬೆಳೆಯುತ್ತದೆ. ಬಳಿಕ ನೆತ್ತಿಯಲ್ಲಿ ಮೊದಲ ಹೂಗೊಂಚಲು ಬಿಟ್ಟು, ಆಮೇಲೆ ಒಂದೊಂದಾಗಿ ಕೆಳಗೆ ಕೆಳಗೆ ಬಿಡುತ್ತ ಬರುತ್ತದೆ. ಕೊನೆಯ ಗೊಂಚಲು ಮುಗಿದರೆ ಮರವೂ ಮುಗಿಯಿತು. ಸಾಯುವ ಮುನ್ನ ಅದು ಕೊಡುವ ರಸಕ್ಕೆ ಲೆಕ್ಕವಿಲ್ಲ. ಒಳ್ಳೆಯ ಮರ ಬೇಸಗೆಯಲ್ಲಿ ದಿನವೊಂದಕ್ಕೆ ನೂರು ಪೈಂಟು, ಅಂದರೆ ಸುಮಾರು ಐವತ್ತು ಲೀಟರು ಕೊಡುವುದೆಂದು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರೋ ಬರೆದಿದ್ದಾನೆ. ನಾನು ಕುಡಿದ ಬೈನೆಯ ಕಳ್ಳು ತೆಂಗಿನದಕ್ಕಿಂತ ತೆಳು, ಹುಳಿ ಕಡಿಮೆ, ಕೊನೆಯಲ್ಲಿ ಕಾಡಿನ ಬೇರಿನಂಥದೊಂದು ಒಗರು. ನಂದಿಬೆಟ್ಟದ ಉಪಾಧ್ಯಾಯನಿದ್ದಿದ್ದರೆ ಇದಕ್ಕೆ ಹತ್ತು ವಿಶೇಷಣ ಕೊಡುತ್ತಿದ್ದ. ಇಳಿಸಿದ ಪೂಜಾರರು ಎಪ್ಪತ್ತರ ಹತ್ತಿರದವರು, ಅವರು ಹೇಳಿದ್ದು ಒಂದೇ ಮಾತು: “ಇದು ಹೊಟ್ಟೆಗೆ ತಂಪು.”

ಅವರ ಜಗಲಿಯಲ್ಲಿ ಕವುಚಿಟ್ಟ ಮಡಕೆಗಳಲ್ಲಿ ಒಂದರ ಒಳಮೈ ಬೆಳ್ಳಗಿತ್ತು. ಸುಣ್ಣ. ಅದನ್ನು ನೋಡಿದೊಡನೆ ನನಗೆ ನನ್ನ ಅಜ್ಜನ ನೆನಪಾಯಿತು.

ಇಲ್ಲಿ ಕಾರಣವನ್ನು ಹೇಳಿಬಿಡಬೇಕು. ನನ್ನ ಅಜ್ಜ ಮೂರ್ತೆದಾರ. ನಮ್ಮ ಮನೆಯಲ್ಲಿ ಎಂ. ಎ. ಓದಿದವನು ನಾನೇ ಮೊದಲಿಗ, ಮತ್ತು ನಾನು ಓದುವಷ್ಟು ಕಾಲವೂ ಅಜ್ಜನ ಕಸುಬಿನ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಶಾಲೆಯ ಅರ್ಜಿಯಲ್ಲಿ ‘ಕೃಷಿ’ ಎಂದು ಬರೆಯುತ್ತಿದ್ದೆವು. ಕೃಷಿಗೆ ನೆಲವೆಲ್ಲಿತ್ತು? ಮರಗಳು ಕೂಡ ಧಣಿಗಳವು. ಮರಕ್ಕಿಷ್ಟೆಂದು ಧಣಿಗಳಿಗೆ ಗೇಣಿ. 1886ರ ಮದ್ರಾಸು ಅಬಕಾರಿ ಕಾನೂನಿನ ಕಾಲದಿಂದ ಮರಕ್ಕೆ ನಂಬರು ಹಾಕಿ ಸರಕಾರಕ್ಕೆ ತೆರಿಗೆ. ಕಳ್ಳಿನ ವಾಸನೆಗೆ ಮೂಗು ಮುಚ್ಚುತ್ತಿದ್ದವರೂ ಮರದ ಗೇಣಿಗೆ ಕೈಮುಚ್ಚುತ್ತಿರಲಿಲ್ಲ. ಮುಟ್ಟಿದರೆ ಮೈಲಿಗೆಯಾಗುತ್ತಿದ್ದ ಮನುಷ್ಯನ ಕೈಯಿಂದ ಬಂದ ಕಾಸಿಗೆ ಮೈಲಿಗೆ ಇರಲಿಲ್ಲ.

ಆದ್ದರಿಂದ ಈ ಕಸುಬಿನಿಂದ ಬಿಡುಗಡೆಯ ಬಯಕೆ ಹೊರಗಿನವರ ಉಪದೇಶದಿಂದ ಮಾತ್ರ ಹುಟ್ಟಿತೆನ್ನಲಾಗದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮತಾಂತರಗೊಂಡವರಿಗೆ ಕಳ್ಳಿನ ಕಸುಬು ಕೂಡದೆಂದರು, ಅದರ ಬದಲಿಗೆ ಮಗ್ಗವನ್ನೂ ಹಂಚಿನ ಕಾರ್ಖಾನೆಯನ್ನೂ ಕೊಟ್ಟರು. ಮತ ಬಿಡದೆ ಮಾನ ಪಡೆಯಬೇಕೆಂದವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆತಂದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಮದ್ಯವನ್ನು ತಯಾರಿಸಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದು ಎಂಬುದು ಗುರುಗಳ ಬೋಧೆ. ನನ್ನ ತಂದೆ ಈ ಮಾತನ್ನು ಅಕ್ಷರಶಃ ನಡೆಸಿದವರು. ಅದರ ಫಲ ನಾನು. ಕಾಪುವಿನ ಗಡಂಗಿನಲ್ಲಿ ಆ ಪಟದ ಕೆಳಗೆ ಲೋಟ ಹಿಡಿದು ಕೂತಾಗ ನನ್ನ ಕೈ ನಡುಗಿದ್ದು ಕಳ್ಳಿನಿಂದಲ್ಲ. ಅಂಗಡಿಯವರಿಗೆ ಆ ತೊಡಕು ಇದ್ದಂತಿರಲಿಲ್ಲ. ಗುರುಗಳು ಮಾನ ಕೊಟ್ಟರು, ಮರ ಅನ್ನ ಕೊಡುತ್ತದೆ. ಎರಡಕ್ಕೂ ಒಂದೇ ಗೋಡೆ ಸಾಕು ಎಂಬಂತಿತ್ತು.

ಇನ್ನು ಸುಣ್ಣದ ಮಾತು. ರಾಜಾಜಿಯವರ ಮಂತ್ರಿಮಂಡಲ 1937ರ ಅಕ್ಟೋಬರ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಆರಂಭಿಸಿತು. ಅಬಕಾರಿಯಿಂದ ಬರುತ್ತಿದ್ದ ದೊಡ್ಡ ವರಮಾನ ತಪ್ಪುವುದೆಂದು 1939ರಲ್ಲಿ ಮಾರಾಟ ತೆರಿಗೆಯ ಕಾನೂನು ಮಾಡಿದರು. ಕುಡಿಯದವರೂ ಅಂದಿನಿಂದ ಅಂಗಡಿಯಲ್ಲಿ ತೆರುತ್ತ ಬಂದ ತೆರಿಗೆಯ ಮೂಲ ಇದು. 1948ರ ಹೊತ್ತಿಗೆ ನಿರೋಧ ಮದ್ರಾಸು ಪ್ರಾಂತದ ಎಲ್ಲ ಜಿಲ್ಲೆಗಳಿಗೂ, ದಕ್ಷಿಣ ಕನ್ನಡಕ್ಕೂ ಬಂತು. ಉದ್ದೇಶ ಒಳ್ಳೆಯದೇ. ಎಷ್ಟೋ ಮನೆಯ ಹೆಂಗಸರು ಅಂದು ನಿಟ್ಟುಸಿರು ಬಿಟ್ಟಿರಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಕಳ್ಳು ಬಡವನ ಮನೆಯನ್ನು ಏನು ಮಾಡುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಮರವೇರುವುದೊಂದೇ ಬಲ್ಲವನ ಗತಿ? ಅವನಿಗೆ ಸರಕಾರ ಒಂದು ದಾರಿ ಬಿಟ್ಟಿತ್ತು. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ರಸ ಹುಳಿಯುವುದಿಲ್ಲ. ಆ ಸಿಹಿರಸವನ್ನು ಕಾಸಿ ಬೆಲ್ಲ ಮಾಡಬಹುದು, ಅದಕ್ಕೆ ಪರವಾನಿಗೆ ಸಿಗುತ್ತಿತ್ತು, ಬೆಲ್ಲದ ಸಹಕಾರಿ ಸಂಘಗಳೂ ಹುಟ್ಟಿದವು. ನಮ್ಮ ಕಡೆಯ ಓಲೆಬೆಲ್ಲ ಇದೇ ಜಾತಿಯದು. ಅಂದರೆ ಅದೇ ಮರ, ಅದೇ ಕತ್ತಿ, ಅದೇ ಮನುಷ್ಯ. ಸುಣ್ಣ ಬಳಿದ ಮಡಕೆ ಕಟ್ಟಿದರೆ ಸರಕಾರಕ್ಕೆ ಬೇಕಾದ ಬೆಲ್ಲದ ಕಸುಬಿ, ಬಳಿಯದೆ ಕಟ್ಟಿದರೆ ಅಪರಾಧಿ. ಇಷ್ಟು ತೆಳ್ಳಗಿನ ಗೆರೆಯ ಮೇಲೆ ಒಂದು ಜನಾಂಗ ಇಪ್ಪತ್ತು ವರ್ಷ ನಡೆಯಿತು. ಬೆಲ್ಲಕ್ಕೆ ಸೌದೆ ಬೇಕು, ಹೆಂಗಸರು ದಿನವಿಡೀ ಒಲೆಯ ಮುಂದೆ ಕೂರಬೇಕು, ಸಿಗುವ ಕ್ರಯ ಕಡಿಮೆ. ಒಂದು ಮಡಕೆಯ ಸುಣ್ಣ ತೊಳೆದರೆ ಅದೇ ಸಂಜೆ ಕೈಗೆ ಕಾಸು.

ಅಜ್ಜ ತೊಳೆದರು. ಸಿಕ್ಕಿಬಿದ್ದರು. ದಂಡ ತೆರಲು ಅಜ್ಜಿಯ ಕಿವಿಯ ಓಲೆ ಹೋಯಿತು. ಆಮೇಲೆ ಅಜ್ಜ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದರು, ದೊಡ್ಡಪ್ಪ ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಯ ಹೋಟೆಲೊಂದಕ್ಕೆ ಲೋಟ ತೊಳೆಯಲು ಹೋದರು. ಮುಂಬಯಿಯ ಉಡುಪಿ ಹೋಟೆಲುಗಳ ಚರಿತ್ರೆಯನ್ನು ಇಡ್ಲಿ-ದೋಸೆಗಳಿಂದ ಆರಂಭಿಸುವವರು, ಆ ಲೋಟ ತೊಳೆದ ಹುಡುಗರ ತಂದೆಯಂದಿರು ಊರಿನಲ್ಲಿ ಏನು ಕಳೆದುಕೊಂಡಿದ್ದರೆಂದೂ ಒಮ್ಮೆ ವಿಚಾರಿಸಬೇಕು.

ಘಟ್ಟದ ಮೇಲೆ ಕತೆ ಬೇರೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲುಮರಗಳನ್ನೇ ಕಡಿಯುವ ಸತ್ಯಾಗ್ರಹ ನಡೆಯಿತು. ನಿಜಲಿಂಗಪ್ಪನವರು ಅದರ ಮುಂದಾಳು. ನಮ್ಮಲ್ಲಿ ಅಂಥ ಸತ್ಯಾಗ್ರಹ ಅಸಾಧ್ಯ. ತೆಂಗಿನಮರಕ್ಕೆ ಕೊಡಲಿ ಹಾಕಲು ಕಲ್ಪವೃಕ್ಷದ ನಾಡಿನಲ್ಲಿ ಯಾವ ದೇಶಭಕ್ತನಿಗೂ ಕೈ ಬಾರದು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ನಿರೋಧ ಹಾಗೆಯೇ ನಮ್ಮೊಡನೆ ಬಂತು. ಅರುವತ್ತರ ದಶಕದ ಉತ್ತರಾರ್ಧದಲ್ಲಿ ಅದನ್ನು ತೆಗೆದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಅದೇ ನಿಜಲಿಂಗಪ್ಪನವರು. ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಖಜಾನೆಯ ಕೀಲಿಕೈ ಸೊಂಟದಲ್ಲಿದ್ದಾಗ ಕೊಡಲಿ ಭಾರವಾಗುತ್ತದೆ.

ಅಷ್ಟರಲ್ಲಿ ನಮ್ಮಲ್ಲಿ ಬಹುಮಂದಿ ಮರದಿಂದ ಇಳಿದಾಗಿತ್ತು. 1974ರ ಭೂಸುಧಾರಣೆಯ ಬಳಿಕ ಗೇಣಿಯ ನೆಲ ಕೆಲವರ ಸ್ವಂತವಾಯಿತು, ಮಕ್ಕಳು ಶಾಲೆಗೆ ಹೋದರು. 2007 ಬಂತು. ಆ ವರ್ಷದ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗಾಗಿ ವಿಶೇಷ ನೀತಿಯೊಂದನ್ನು ಹೊರಡಿಸಿ, ಅದನ್ನು ರೈತನ ಬೆಳೆಯ ಉತ್ಪನ್ನವೆಂದು ಕರೆದು ಪ್ರೋತ್ಸಾಹ ಕೊಟ್ಟಿತು. ನನ್ನ ಸ್ನೇಹಿತರು ಹೋಗಿಬಂದ ನಂದಿಯ ತಪ್ಪಲಿನ ಸೊಬಗಿಗೆ ಈ ನೀತಿಯ ಆಸರೆ ಇದೆ. ದ್ರಾಕ್ಷಿಯವನು ರೈತನಾದರೆ ಬೈನೆಯವನು ಯಾರು ಎಂದು ಆಗ ವಿಧಾನಸೌಧದಲ್ಲಿ ಯಾರಾದರೂ ಕೇಳಬೇಕಾಗಿತ್ತು. ನಮ್ಮ ಎರಡು ಜಿಲ್ಲೆಗಳಲ್ಲಿ ಶೇಂದಿಗೆ ಪರವಾನಿಗೆ ಉಳಿದಿದೆ, ಮೂರ್ತೆದಾರರ ಸೇವಾ ಸಹಕಾರಿ ಸಂಘಗಳಿವೆ. ಹತ್ತುವವರೇ ಇಲ್ಲ. ಹತ್ತುವವರು ಇಲ್ಲದಿರಲೆಂದು ಹಾರೈಸಿದವರ ಮಗ ನಾನು. ಅದಕ್ಕಾಗಿ ಈಗ ಕೊರಗುವ ಹಕ್ಕು ನನಗೆಷ್ಟು ಎಂಬುದನ್ನು ಇನ್ನೂ ತೀರ್ಮಾನಿಸಿಕೊಂಡಿಲ್ಲ.

ಕಾರ್ಕಳದ ಪೂಜಾರರ ಮಕ್ಕಳಿಬ್ಬರೂ ಪರವೂರಿನಲ್ಲಿದ್ದಾರೆ. “ಆ ಸುಣ್ಣದ ಮಡಕೆ ಯಾಕೆ ಪೂಜಾರ್ರೇ?” ಎಂದು ಕೇಳಿದೆ. “ಇವಳಿಗೆ ಬೆಲ್ಲ ಆಗಬೇಕು. ಅಂಗಡಿಯದ್ದು ಆಗುವುದಿಲ್ಲ ಅವಳಿಗೆ” ಎಂದು ಒಳಗಡೆ ಕೈತೋರಿಸಿದರು. ಹೊರಡುವಾಗ ಒಂದು ತುಂಡು ಬೆಲ್ಲವನ್ನು ಎಲೆಯಲ್ಲಿ ಸುತ್ತಿ ಕೊಟ್ಟರು, ಹಣ ಮುಟ್ಟಲಿಲ್ಲ.

ಬೆಲ್ಲವನ್ನು ಮನೆಯಲ್ಲಿ ತಂದೆಯವರ ಮುಂದಿಟ್ಟು ಎಲ್ಲಿಗೆ ಹೋಗಿದ್ದೆನೆಂದು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿಯೇ ಇದ್ದೆ. ಅವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ಕೂತರು.

“ಎಷ್ಟು ಮರ ಉಂಟಂತೆ ಅವರಿಗೆ?” ಎಂದರು.

“ನಾಲ್ಕು.”

“ಅಪ್ಪನಿಗೆ ಹನ್ನೊಂದು ಇತ್ತು” ಎಂದು ಹೇಳಿ ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡರು.